ಕೋಳಿ ಶೆಡ್ಡಿನ ಕೊಕ್ಕೆಗಳು

ಹನ್ನೆರಡು ಬೆಂಚುಗಳನ್ನು ಮೂವತ್ತಾರು ಮಾಡಿ ತೋರಿಸಿದವನು ನಾನು. ಹೈದರಾಬಾದಿನಲ್ಲಿ ಇನ್ನೊಬ್ಬ ಮಾಸ್ತರ ಇಂಥದ್ದು ಮಾಡಿದ್ದರೆ ಬಂದು ಹೇಳಲಿ, ಅವನ ಕಾಲಿಗೆ ಬೀಳುತ್ತೇನೆ. ಬೀಳುವ ಪ್ರಸಂಗ ಬರುವುದಿಲ್ಲ ಎಂಬ ಧೈರ್ಯದಿಂದಲೇ ಈ ಮಾತು ಹೇಳುತ್ತಿದ್ದೇನೆ.

ಆಗ ಕೊಂಡಾಪುರದಲ್ಲಿ ದಿನಕ್ಕೊಂದು ಗಾಜಿನ ಆಫೀಸು ಏಳುತ್ತಿತ್ತು. ಏಳಿಸುತ್ತಿದ್ದವರು ನಮ್ಮ ಕಡೆಯವರು. ಬೀದರ್, ಗುಲ್ಬರ್ಗಾ, ಯಾದಗಿರಿ ಕಡೆಯಿಂದ ಪಾತ್ರೆಪಡಗ, ಮಕ್ಕಳುಮರಿ ಸಮೇತ ಬಂದು ಕೆಲಸದ ಜಾಗದಲ್ಲೇ ತಗಡಿನ ಶೆಡ್ಡು ಹಾಕಿಕೊಂಡಿದ್ದ ಕೂಲಿಯವರು. ಅವರ ಮಕ್ಕಳಿಗಾಗಿ ಬೇಗಂ ಬಜಾರಿನ ನಾಲ್ಕಾರು ಕನ್ನಡದ ವ್ಯಾಪಾರಿಗಳು ಕೂಡಿ ಒಂದು ಕನ್ನಡ ಶಾಲೆ ತೆರೆದಿದ್ದರು. ಶಾಲೆ ಅಂದರೆ ಒಂದು ಹಳೆಯ ಕೋಳಿ ಫಾರ್ಮು. ಕೋಳಿಗಳು ಹೋಗಿದ್ದವು, ವಾಸನೆ ಹೋಗಿರಲಿಲ್ಲ. ಮಳೆ ಬಂದಾಗ ಮಗ್ಗಿ ಹೇಳಿಸಲು ಬಾಯಿ ತೆರೆದರೆ ಎಲ್ಲಿ ಕೊಕ್ಕೊಕ್ಕೋ ಅಂದುಬಿಡುತ್ತೇನೋ ಎಂದು ನನಗೇ ಅಂಜಿಕೆ. ಉದ್ದನೆಯ ಶೆಡ್ಡಿಗೆ ಎರಡು ಕಡೆ ತಟ್ಟಿ ಕಟ್ಟಿ ಮೂರು ಕೋಣೆ ಮಾಡಿದ್ದೆವು. ಮೇಲೆ ಅಡ್ಡಡ್ಡ ಕಬ್ಬಿಣದ ಪೈಪು, ಪೈಪಿಗೆ ಸಾಲಾಗಿ ಕೊಕ್ಕೆ. ಹಿಂದೆ ಕೋಳಿ ಕಾಳಿನ ಡಬ್ಬಿ ತೂಗುಬಿಡುತ್ತಿದ್ದ ಕೊಕ್ಕೆಗಳು ಅವು.

ನಾನು ಗಣಿತ ಮತ್ತು ಡ್ರಿಲ್ಲಿನ ಮಾಸ್ತರ. ಮುಖ್ಯೋಪಾಧ್ಯಾಯಿನಿಯನ್ನು ಎಲ್ಲರೂ ದೊಡ್ಡಕ್ಕೋರು ಅನ್ನುತ್ತಿದ್ದರು, ಎತ್ತರದಲ್ಲಿ ನನ್ನ ಭುಜಕ್ಕೆ ಬರುತ್ತಿದ್ದರೂ. ಆ ಶಾಲೆಯೇ ಅವರ ಮನೆ, ಮಠ ಎಲ್ಲ. ಸರ್ಕಾರದ ಜೊತೆ ಮೂರು ವರ್ಷದ ಕರಾರು. ಮೂರು ವರ್ಷ ತುಂಬಿತೆಂದರೆ ತಪಾಸಣೆ. ಪಾಸಾದರೆ ಮತ್ತೆ ಮೂರು ವರ್ಷ, ಇಲ್ಲವಾದರೆ ಬೀಗ.

ಮೊದಲ ತಪಾಸಣೆಗೆ ಬಂದವರು ಒಬ್ಬ ಮೇಡಂ. ಮನೆಮಾತು ತೆಲುಗು, ಹುಟ್ಟಿ ಬೆಳೆದದ್ದು ರಾಯಚೂರಿನಲ್ಲಿ. ಕನ್ನಡ ಬರುತ್ತದೆಂದು ಅವರನ್ನೇ ಕಳಿಸಿದ್ದರು. ಕೋಣೆಗೆ ಹನ್ನೆರಡು ಬೆಂಚು ಇರಬೇಕೆಂದು ನಿಯಮ. ನಮ್ಮಲ್ಲಿ ಇದ್ದದ್ದೇ ಹನ್ನೆರಡು. ಮೇಡಂ ಒಂದನೇ ಕೋಣೆ ಎಣಿಸಿ ಹೊರಗೆ ಬಂದೊಡನೆ ನಾನು ಬೇವಿನ ಗಿಡದ ಕೆಳಗೆ ನಿಲ್ಲಿಸಿ ನಮ್ಮ ಕರಿಬೇವಿನ ಸಸಿಗಳ ಚರಿತ್ರೆ ಹೇಳತೊಡಗಿದೆ. ಅಷ್ಟರಲ್ಲಿ ದೊಡ್ಡ ಮಕ್ಕಳು ಹಿಂಬಾಗಿಲಿನಿಂದ ಬೆಂಚು ಹೊತ್ತು ಎರಡನೇ ಕೋಣೆಗೆ. ಅಲ್ಲಿಂದ ಮೂರನೇ ಕೋಣೆಗೆ ಹೋಗುವ ಮುಂಚೆ ನುಗ್ಗೆ ಗಿಡದ ಚರಿತ್ರೆ. ಮೇಡಂ ಬರೆದುಕೊಂಡು ಹೋದರು, ಶಾಲೆ ಉಳಿಯಿತು. ಮೂರು ವರ್ಷ ನಾನು ಆ ಕಥೆಯನ್ನು ಕೇಳಿದವರಿಗೂ ಕೇಳದವರಿಗೂ ಹೇಳಿಕೊಂಡು ತಿರುಗಿದೆ. ಬೇಗಂ ಬಜಾರಿನಲ್ಲಿ ಬೆಲ್ಲದ ವ್ಯಾಪಾರಿಯೊಬ್ಬರು ಅದನ್ನು ಕೇಳಿ ಕಡಿಮೆ ಬಿದ್ದ ಇಪ್ಪತ್ತನಾಲ್ಕೂ ಬೆಂಚು ಕೊಡಿಸಿಬಿಟ್ಟರು. ಚೇಷ್ಟೆಯಿಂದ ಬೆಂಚು ಬಂದ ಶಾಲೆ ನಮ್ಮದೊಂದೇ ಇರಬೇಕು.

ಆ ಮೂರು ವರ್ಷದಲ್ಲಿ ಇನ್ನೊಂದು ಪದ್ಧತಿ ಬೆಳೆದಿತ್ತು. ತಾಯಂದಿರು ಕಾಂಕ್ರೀಟಿನ ಬುಟ್ಟಿ ಹೊರಲು ಹೋದರೆ ಮನೆಯ ಕೂಸು ದೊಡ್ಡ ಹುಡುಗಿಯ ಪಾಲು. ಕೂಸು ಇದ್ದ ಹುಡುಗಿ ಶಾಲೆಗೆ ಬರುತ್ತಿರಲಿಲ್ಲ. ಐದನೇ ಇಯತ್ತೆಯ ಒಬ್ಬ ಹುಡುಗಿ ಒಂದು ದಿನ ತಮ್ಮನನ್ನು ಸೊಂಟದ ಮೇಲೆ ಕೂಡಿಸಿಕೊಂಡೇ ಬಂದು, ಯಾರನ್ನೂ ಕೇಳದೆ, ಅವ್ವನ ಹಳೇ ಸೀರೆಯನ್ನು ಕೊಕ್ಕೆಗೆ ಸಿಕ್ಕಿಸಿ ಜೋಲಿ ಕಟ್ಟಿ, ಕೂಸನ್ನು ಮಲಗಿಸಿ, ನನ್ನ ಭಾಗಾಕಾರಕ್ಕೆ ಕಿವಿಕೊಟ್ಟು ಕೂತಳು. ದೊಡ್ಡಕ್ಕೋರು ನೋಡಿದರು, ಜೋಲಿಯ ಗಂಟನ್ನು ಒಮ್ಮೆ ಜಗ್ಗಿ ನೋಡಿ ಹೋದರು. ಮರುದಿನ ನಾಲ್ಕು ಜೋಲಿ. ತಿಂಗಳೊಳಗೆ ಒಂದು ಕೊಕ್ಕೆಯೂ ಖಾಲಿ ಇರಲಿಲ್ಲ. ಒಂದು ಕಾಲಿನಿಂದ ಜೋಲಿ ತೂಗುತ್ತ, ಒಂದು ಕೈಯಿಂದ ಲೆಕ್ಕ ಬಿಡಿಸುತ್ತ ಆ ಹುಡುಗಿ ಏಳನೇ ಇಯತ್ತೆಗೆ ಬಂದಳು.

ಅಷ್ಟರಲ್ಲಿ ಎರಡನೇ ತಪಾಸಣೆಯ ಪತ್ರ ಬಂತು, ಬರುವವರು ಅದೇ ಮೇಡಂ. ಈ ಸಲ ಬೆಂಚಿನ ಚಿಂತೆ ಇರಲಿಲ್ಲ, ತಲೆ ಎಣಿಸುವವರಿದ್ದರು. ಪಟ್ಟಿಯಲ್ಲಿ ಅರವತ್ತೆಂಟು ಹೆಸರು. ಆ ದಿನ ನಲವತ್ತು ಮಕ್ಕಳಾದರೂ ಕೂತಿರಬೇಕು. ಇಲ್ಲವಾದರೆ ಶಾಲೆ ಮುಚ್ಚಿ, ಮಕ್ಕಳನ್ನು ಹೆದ್ದಾರಿಯ ಆಚೆಗಿನ ದೊಡ್ಡ ಶಾಲೆಗೆ ಸೇರಿಸುವುದು. ಅಲ್ಲಿ ಕೂಸುಗಳಿಗೆ ಜಾಗ ಇರಲಿಲ್ಲ. ಅಂದಮೇಲೆ ನಮ್ಮ ಹುಡುಗಿಯರಿಗೂ ಇರಲಿಲ್ಲ. ಅದು ನನಗೂ ದೊಡ್ಡಕ್ಕೋರಿಗೂ ಚೆನ್ನಾಗಿ ಗೊತ್ತಿತ್ತು. ಪತ್ರದ ಕೊನೆಗೆ ಇನ್ನೊಂದು ಸಾಲು: ತರಗತಿಯಲ್ಲಿ ಐದು ವರ್ಷದ ಒಳಗಿನ ಮಕ್ಕಳು ಇರಕೂಡದು.

ದೊಡ್ಡಕ್ಕೋರು ನನ್ನನ್ನು ಎದುರಿಗೆ ನಿಲ್ಲಿಸಿಕೊಂಡು ಬೆರಳು ಎತ್ತಿದರು. "ಮಾಸ್ತರ, ಈ ಸಲ ನಿಮ್ಮದೊಂದೂ ಚೇಷ್ಟಿ ಬ್ಯಾಡ. ನಡದಷ್ಟು ಖರೇನ ನಡೀಲಿ."

"ನಾ ಏನ ಮಾಡ್ತೀನ್ರಿ ಅಕ್ಕೋರ? ಬಾಯಿಗೆ ಬಟ್ಟಿ ಕಟಕೊಂಡ ಕುಂದರ್ತೀನಿ."

"ಬಟ್ಟಿ ಕಟ್ಟಿದ್ರ ಕಣ್ಣಾಗ ಚೇಷ್ಟಿ ಮಾಡವ್ರು ನೀವು."

ನನಗೆ ಹೀಗೆ ಹೇಳಿ ತಾವೇನು ಮಾಡಿದರು ಗೊತ್ತೇ? ತಪಾಸಣೆಯ ಹಿಂದಿನ ದಿನ ಸಂಜೆ ಜೋಲಿಗಳನ್ನೆಲ್ಲ ಬಿಚ್ಚಿಸಿ, ಮಡಿಸಿ, ಕಪಾಟಿನಲ್ಲಿ ಇಟ್ಟರು. ಕೊಕ್ಕೆಗಳು ಕಾಣಬಾರದೆಂದು ಅವುಗಳಿಗೆ ಭಾರತದ ನಕಾಶೆ, ಹಲ್ಲುಜ್ಜುವ ಕ್ರಮ, ಹಾವಿನ ಜಾತಿಗಳು, ಇಂಥ ಚಾರ್ಟುಗಳನ್ನು ತೂಗುಬಿಟ್ಟರು. ಆಮೇಲೆ ಹುಡುಗಿಯರಿಗೆ, "ನಾಳೆ ಯಾರೂ ಕೂಸು ತರಬ್ಯಾಡ್ರಿ, ತಿಳೀತಿಲ್ಲೋ?" ಎಂದರು. ಹುಡುಗಿಯರು ತಲೆಯಾಡಿಸಿದರು. ನಾನೂ ಆಡಿಸಿದೆ. ಅಷ್ಟು ದೊಡ್ಡ ತಲೆ ಇಟ್ಟುಕೊಂಡು ನನಗೂ ಹೊಳೆಯಲಿಲ್ಲ ನೋಡಿ.

ಮರುದಿನ ಪ್ರಾರ್ಥನೆಗೆ ಸಾಲು ನಿಲ್ಲಿಸಿ ಎಣಿಸಿದೆ. ಇಪ್ಪತ್ತಮೂರು. ಮತ್ತೆ ಎಣಿಸಿದೆ, ಗಣಿತದ ಮಾಸ್ತರನಲ್ಲವೇ. ಇಪ್ಪತ್ತಮೂರೇ. ಮೂರನೇ ಇಯತ್ತೆಯ ಒಂದು ಪುಟ್ಟ ಹುಡುಗಿಯನ್ನು ಕೇಳಿದೆ, "ನಿಮ್ಮಕ್ಕ ಎಲ್ಲ್ಯಾಳ?"

"ಕೂಸು ಹಿಡಕೊಂಡ ಕುಂತಾಳ್ರಿ. ಕೂಸು ತರಬ್ಯಾಡ ಅಂದಾರಲ್ರಿ ಅಕ್ಕೋರು? ಇವತ್ತ ಸ್ಲ್ಯಾಬ್ ಹಾಕತಾರ, ಅವ್ವ ಅಕ್ಕನ್ನ ಸಾಲಿಗಿ ಬಿಡೂದಿಲ್ಲ."

ಸ್ಲ್ಯಾಬ್ ಹಾಕುವ ದಿನ ಕಟ್ಟಡದಲ್ಲಿ ಒಂದು ಕೈಯೂ ಖಾಲಿ ಇರುವುದಿಲ್ಲ. ಕಾಂಕ್ರೀಟು ಸುರಿಯಲು ಶುರುಮಾಡಿದರೆ ಮುಗಿಯುವ ತನಕ ನಿಲ್ಲಿಸುವಂತಿಲ್ಲ. ಕೂಸು ಬೇಡ ಎಂದರೆ ಅಕ್ಕನೂ ಬೇಡ ಎಂದಂತೆಯೇ ಆಗಿತ್ತು. ದೊಡ್ಡಕ್ಕೋರ ಮುಖ ಸುಣ್ಣದ ಗೋಡೆಯಾಯಿತು. "ನಾನ ನನ್ನ ಕೈಯಾರ ಸಾಲಿ ಮುಚ್ಚಿದೆ, ಮಾಸ್ತರ" ಅಂದರು. ಅವರನ್ನು ಹಾಗೆ ನೋಡಿದ್ದು ಅದೇ ಮೊದಲು. 

"ಮೇಡಂ ಬಂದ್ರ ಕರಿಬೇವು ತೋರಿಸ್ರಿ. ನುಗ್ಗಿ ತೋರಿಸ್ರಿ. ನಾ ಬಂದೆ" ಎಂದು ಸ್ಕೂಟರ್ ಒದ್ದೆ.

ತಗಡಿನ ಶೆಡ್ಡುಗಳ ಸಾಲಿನಲ್ಲಿ ನಮ್ಮ ಏಳನೇ ಇಯತ್ತೆಯ ಹುಡುಗಿ ತಮ್ಮನಿಗೆ ಗಂಜಿ ತಿನ್ನಿಸುತ್ತ ಕೂತಿದ್ದಳು. "ಏಳವ್ವಾ, ಕೂಸಿನ್ನ ತಗೊಂಡ ಸಾಲಿಗಿ ನಡಿ. ಎಲ್ಲಾರನ್ನೂ ಕರಿ" ಅಂದೆ.

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಸುಳ್ಳ ಹೇಳಾಕತ್ತೀರಿ ಸರ್."

"ಇಲ್ಲವಾ, ಖರೇನ."

"ಮೊನ್ನಿ ಸಾಲಿಗಿ ಆನಿ ಬರ್ತೈತಿ ಅಂದ್ರಿ. ಎಲ್ಲಾರೂ ಬಾಳೆಹಣ್ಣ ಹಿಡಕೊಂಡ ನಿಂತ್ವಿ. ಯಾರ ತಿಂದ್ರು? ನೀವ ತಿಂದ್ರಿ."

ನಿಜ. ಆರು ಹಣ್ಣು ತಿಂದಿದ್ದೆ. ಅಕ್ಕಪಕ್ಕದ ಶೆಡ್ಡುಗಳಿಂದ ಇಣುಕಿದ ಹುಡುಗಿಯರು ಕಿಸಿಕಿಸಿ ನಗತೊಡಗಿದರು. ಒಬ್ಬಳೂ ಏಳಲಿಲ್ಲ. ನಾನು ಆಣೆ ಮಾಡಿದೆ, ಆಣೆಗೂ ನಕ್ಕರು. ಜೀವಮಾನದಲ್ಲಿ ಮೊದಲ ಬಾರಿ ಅಪ್ಪಟ ನಿಜ ಹೇಳುತ್ತಿದ್ದೇನೆ, ಕೊಳ್ಳುವವರೇ ಇಲ್ಲ! ಕೊನೆಗೆ ಕೊರಳಿನಿಂದ ಡ್ರಿಲ್ಲಿನ ಸೀಟಿ ತೆಗೆದೆ. ಶಾಲೆ ತೆರೆದ ವ್ಯಾಪಾರಿಗಳು ಕೇಳಿದರೂ ಮುಟ್ಟಲು ಕೊಡದ ಹಿತ್ತಾಳೆ ಸೀಟಿ ಅದು. "ಇದನ್ನ ನೀ ಇಟಕೊ. ನಾ ಸುಳ್ಳ ಆದ್ರ ಇದು ನಿಂದ" ಅಂದೆ.

ಅವಳು ಸೀಟಿಯನ್ನು ನೋಡಿದಳು, ನನ್ನ ಮುಖವನ್ನು ನೋಡಿದಳು. ನಗು ನಿಂತಿತು. ಸೆರಗಿನಷ್ಟು ಉದ್ದದ ಓಢಣಿಗೆ ಸೀಟಿಯನ್ನು ಒರೆಸಿ, ಕಿವಿ ಕಿವುಡಾಗುವ ಹಾಗೆ ಊದಿದಳು. ಒಂದೊಂದೇ ತಗಡಿನ ಬಾಗಿಲು ತೆರೆಯಿತು. ಸೊಂಟದ ಮೇಲೆ ಕೂಸು, ಕಂಕುಳಲ್ಲಿ ಪಾಟಿಚೀಲ. ಒಬ್ಬಳ ಎರಡೂ ಕಡೆಗೆ ಒಂದೊಂದು ಕೂಸು. ಅದರಲ್ಲೊಂದನ್ನು ನಾನು ಇಸಿದುಕೊಂಡೆ. ಇನ್ನೊಬ್ಬಳು ತನ್ನದನ್ನೂ ತಂದು ನನ್ನ ಇನ್ನೊಂದು ಕೈಗೆ ಕೊಟ್ಟು ಆರಾಮಾಗಿ ನಡೆದಳು. ಸ್ಕೂಟರ್ ಅಲ್ಲೇ ಬಿಟ್ಟೆ.

ಶಾಲೆಯ ಗೇಟಿನಲ್ಲಿ ಮೆರವಣಿಗೆ ಹೀಗೆ ಬಂತು: ಮುಂದೆ ಸೀಟಿ ಊದುವ ಹುಡುಗಿ, ಹಿಂದೆ ಸಾಲು, ಎಲ್ಲರಿಗಿಂತ ಹಿಂದೆ ಎರಡು ಕೂಸು ಹೊತ್ತ ಡ್ರಿಲ್ ಮಾಸ್ತರ. ಒಂದು ಕೂಸು ನನ್ನ ಅಂಗಿಯನ್ನು ಆಗಲೇ ತೋಯಿಸಿತ್ತು. ಬೇವಿನ ಗಿಡದ ಕೆಳಗೆ ಮೇಡಂ ನಿಂತಿದ್ದರು, ಅವರ ಗುಮಾಸ್ತ ಪ್ಯಾಡು ಹಿಡಿದಿದ್ದ. ದೊಡ್ಡಕ್ಕೋರು ಅದೇ ಕರಿಬೇವನ್ನು ಮೂರನೇ ಸಲ ತೋರಿಸುತ್ತಿದ್ದರು.

"ಏಮಂಡಿ ಮಾಸ್ಟಾರು," ಅಂದರು ಮೇಡಂ, "ಹೋದ ಸಲ ಬೆಂಚು ತಿರಿಗಿಸಿದ್ರಿ. ಈ ಸಲ ಮಕ್ಕಳನ್ನ ಬಾಡಿಗಿಗಿ ತಂದೀರೇನು?"

ನಾನು ಜಾರುತ್ತಿದ್ದ ಎರಡೂ ಕೂಸುಗಳನ್ನು ಮೇಲಕ್ಕೆ ಏರಿಸಿಕೊಂಡೆ. "ಬೆಂಚು... ನಿಮಗ ಗೊತ್ತಿತ್ತೇನ್ರಿ?"

"ಮೂರೂ ಕೋಣ್ಯಾಗ ಮೊದಲನೇ ಬೆಂಚಿನ ಮ್ಯಾಲ ಒಂದ ಗಿಳಿ ಕೆತ್ತಿತ್ತಲ್ರಿ. ಮೂರೂ ಗಿಳಿಗಿ ಬಾಲ ಇರಲಿಲ್ಲ."

ಮೂರು ವರ್ಷ ಕೊಚ್ಚಿಕೊಂಡ ಜಂಬವೆಲ್ಲ ಆ ಬಾಲವಿಲ್ಲದ ಗಿಳಿಯ ಜೊತೆ ಹಾರಿಹೋಯಿತು. ಆಗ ಅವರು ಯಾಕೆ ಬಿಟ್ಟುಕೊಟ್ಟರೆಂದು ಇವತ್ತಿಗೂ ಕೇಳಿಲ್ಲ. "ಇವರು ನಮ್ಮ ಮಕ್ಕಳ್ರಿ ಮೇಡಂ. ಖರೇನ ನಮ್ಮವ್ರು" ಎಂದಷ್ಟೇ ಅಂದೆ.

"ನೀವ ಹೇಳಿದ್ರ ನಾ ನಂಬಬೇಕು?" ಗುಮಾಸ್ತನ ಪ್ಯಾಡಿನಲ್ಲಿ ಇಪ್ಪತ್ತಮೂರು ಎಂದು ಬರೆದಾಗಿತ್ತು. ಅದರ ಕೆಳಗೆ ಅಡ್ಡ ಗೆರೆಯೊಂದೇ ಬಾಕಿ.

ನಾವು ಹೊರಗೆ ಹೀಗೆ ನಿಂತಿರುವಾಗ ಹುಡುಗಿಯರು ನಮ್ಮ ಯಾರ ಅಪ್ಪಣೆಗೂ ಕಾಯಲಿಲ್ಲ. ಕೂಸುಗಳು ಅಳತೊಡಗಿದ್ದವು. ಮೇಡಂ ಒಳಗೆ ಕಾಲಿಟ್ಟಾಗ ಏಳನೇ ಇಯತ್ತೆಯವಳು ಕಪಾಟು ತೆರೆದು ಸೀರೆಗಳನ್ನು ಹಂಚುತ್ತಿದ್ದಳು. ಯಾರ ಸೀರೆ ಯಾರದೆಂದು ಕೇಳದೆ, ನೋಡದೆ. ಒಬ್ಬೊಬ್ಬಳೂ ನೆಟ್ಟಗೆ ತನ್ನ ಕೊಕ್ಕೆಯ ಕೆಳಗೆ ಹೋದಳು. ಭಾರತದ ನಕಾಶೆ ಇಳಿಯಿತು. ಹಲ್ಲುಜ್ಜುವ ಕ್ರಮ ಇಳಿಯಿತು. ಹಾವಿನ ಜಾತಿಗಳು ಗುಮಾಸ್ತನ ತಲೆಯ ಮೇಲೆಯೇ ಬಿದ್ದವು. ಬೆಂಚಿನ ಮೇಲೆ ನಿಂತು ಸೀರೆಯ ತುದಿ ಎಸೆದು, ಗಂಟು ಬಿಗಿದು, ಒಮ್ಮೆ ಜೋತು ಬಿದ್ದು ಗಟ್ಟಿ ನೋಡಿ, ಕೂಸು ಮಲಗಿಸಿ, ಜೋಲಿಯ ಹಗ್ಗವನ್ನು ಕಾಲಿನ ಹೆಬ್ಬೆರಳಿಗೆ ಸುತ್ತಿಕೊಂಡು, ಕೂತು ಪಾಟಿ ತೆಗೆದರು. ನಾನು ಒಂದು ಪಾಠ ಮುಗಿಸುವಷ್ಟು ಹೊತ್ತೂ ಆಗಲಿಲ್ಲ. ಶೆಡ್ಡು ತುಂಬ ಸೀರೆಗಳು ತೂಗುತ್ತಿದ್ದವು.

ಮೇಡಂ ಒಂದು ಕೊಕ್ಕೆಯ ಕೆಳಗೆ ನಿಂತು ತಲೆ ಎತ್ತಿದರು. ಎರಡು ವರ್ಷ ಸೀರೆ ಉಜ್ಜಿ ಉಜ್ಜಿ ಆ ಜಾಗದಲ್ಲಿ ತುಕ್ಕು ಹೋಗಿ ಕಬ್ಬಿಣ ಬೆಳ್ಳಿಯಂತೆ ಹೊಳೆಯುತ್ತಿತ್ತು. ಪಕ್ಕದ್ದೂ ಹಾಗೆಯೇ. ಅದರಾಚೆಯದೂ. ಅವರು ಮಕ್ಕಳನ್ನು ಬಿಟ್ಟು ಕೊಕ್ಕೆಗಳನ್ನು ಎಣಿಸುತ್ತ ಮೂರೂ ಕೋಣೆ ದಾಟಿದರು.

"ಕೊಕ್ಕಿ ಇಷ್ಟ ಹೊಳಿಯೂತನಕ ಮಕ್ಕಳ ಬಾಡಿಗಿ ಯಾರೂ ಕೊಡೂದಿಲ್ಲ ಬಿಡ್ರಿ" ಎಂದು ಗುಮಾಸ್ತನ ಕೈಯಿಂದ ಪ್ಯಾಡು ತೆಗೆದುಕೊಂಡರು. ಹೊಸದಾಗಿ ಹಾಜರಿ ಕರೆದರು. ಐವತ್ತೊಂದು. ಆಮೇಲೆ ದೊಡ್ಡಕ್ಕೋರ ಕಡೆ ತಿರುಗಿದರು. "ಆದ್ರ ಕೂಸು ಕ್ಲಾಸಿನಾಗ ಇರೂಹಂಗಿಲ್ಲ. ಅದನ್ನ ನಾ ಬರೀಬೇಕು, ಬಿಡೂದಿಲ್ಲ."

ದೊಡ್ಡಕ್ಕೋರು ಮೊದಲ ಬಾರಿ ದನಿ ಎತ್ತಿದರು. "ಬರೀರಿ ಮೇಡಂ. ಕೂಸು ಹೊರಗ ಹಾಕಿದ್ರ ಎಷ್ಟ ಮಂದಿ ಉಳೀತಾರ ಅನ್ನೂದೂ ಬರೀರಿ. ಅದೂ ನಿಮ್ಮ ಪ್ಯಾಡಿನ್ಯಾಗ ಐತಿ. ಇಪ್ಪತ್ತಮೂರು."

ಮೇಡಂ ಪೆನ್ನಿನ ಮುಚ್ಚಳ ತೆಗೆದರು. ಹತ್ತಿರದ ಜೋಲಿಯಲ್ಲಿ ಒಂದು ಕೂಸು ಕುಂಯ್ ಅಂದಾಗ ಅವರ ಕೈ ತಾನಾಗಿ ಹೋಗಿ ತೂಗಿತು. ಪೆನ್ನು ಇನ್ನೊಂದು ಕೈಯಲ್ಲಿ ಬರೆಯಿತು. ಮೂರು ವರ್ಷಕ್ಕಲ್ಲ, ಒಂದೇ ವರ್ಷಕ್ಕೆ ಕರಾರು. ಅಷ್ಟರೊಳಗೆ ಕೂಸುಗಳಿಗೆ ಬೇರೆ ಕೋಣೆ, ತರಗತಿಯಿಂದ ಕಾಣುವಷ್ಟು ಹತ್ತಿರದಲ್ಲಿ.

ಅವರು ಹೋದ ಮೇಲೆ ನಾನು ದೊಡ್ಡಕ್ಕೋರಿಗೆ ಅಂದೆ, "ಚೇಷ್ಟಿ ಬ್ಯಾಡ ಅಂದ್ರಿ. ನಿಮ್ಮ ನಕಾಶಿ ಚೇಷ್ಟಿ ಮುಂದ ನನ್ನ ಬೆಂಚು ಏನೂ ಅಲ್ಲ ಬಿಡ್ರಿ."

"ಸುಮ್ಮನ ಹೋಗಿ ಅಂಗಿ ತೊಳಕೋರಿ, ನಾತ ಹೊಡ್ಯಾಕತ್ತೀರಿ" ಅಂದರು. ಅಂದು, ಮುಖ ಆಚೆ ತಿರುಗಿಸಿ ಕಣ್ಣೊರೆಸಿಕೊಂಡರು. ನಾನು ನೋಡಲಿಲ್ಲ. ನೋಡಿದೆ, ಆದರೆ ಇವತ್ತಿನ ತನಕ ಯಾರಿಗೂ ಹೇಳಿರಲಿಲ್ಲ.

ಕೋಣೆ ಕಟ್ಟಿದವರು ಮಕ್ಕಳ ಅಪ್ಪಂದಿರು. ಹತ್ತು ಅಂತಸ್ತು ಏಳಿಸುವವರಿಗೆ ನಾಲ್ಕು ಗೋಡೆ ಯಾವ ಲೆಕ್ಕ, ನಾಲ್ಕು ಐತವಾರದ ರಜೆಯಲ್ಲಿ ಮುಗಿಸಿದರು. ಹಳೆಯ ಕೊಕ್ಕೆಗಳನ್ನೇ ಬಿಚ್ಚಿ ತಂದು ಅಲ್ಲಿ ಸಾಲಾಗಿ ಹಾಕಿದರು. ಸೀಟಿಯನ್ನು ನಾನು ವಾಪಸು ಕೇಳಿದೆ. "ನೀವು ಸುಳ್ಳ ಆಗಲಿಲ್ಲ, ಖರೆ. ಆದ್ರ ಬಾಳೆಹಣ್ಣಿನ ಬಾಕಿ ಐತಲ್ರಿ" ಅಂದಳು ಹುಡುಗಿ. ಕೊಡಲೇ ಇಲ್ಲ.

ವರ್ಷ ತುಂಬುತ್ತಲೇ ಮೇಡಂ ಮತ್ತೆ ಬಂದರು. ಈ ಸಲ ಪರ್ಸಿನಿಂದ ಒಂದು ಸೀಮೆಸುಣ್ಣ ತೆಗೆದರು. ಎಣಿಸಿದ ಬೆಂಚಿಗೆಲ್ಲ ಒಂದೊಂದು ಗೀಟು, ಎಣಿಸಿದ ಕೊಕ್ಕೆಯ ಕೆಳಗಿನ ಗೋಡೆಗೆ ಒಂದೊಂದು ಗೀಟು. ಎಲ್ಲ ಮುಗಿಸಿ, ಮೂರು ವರ್ಷದ ಕರಾರಿಗೆ ರುಜು ಹಾಕಿ, ಹೊರಡುವಾಗ ನನ್ನ ಮುಂಗೈ ಹಿಡಿದು ಅದರ ಮೇಲೂ ಒಂದು ಗೀಟು ಎಳೆದರು.

"ಇವರನ್ನ ಒಮ್ಮಿ ಎಣಿಸೀನಿ ನೋಡ್ರಿ ಅಕ್ಕೋರ," ಅಂದರು, "ಹಿಂಬಾಗಿಲಿಂದ ಮತ್ತೊಮ್ಮಿ ಬಂದ್ರ ಬಿಟ್ಟಕೊಳ್ಳಬ್ಯಾಡ್ರಿ."