ಒಳಗಿನಿಂದ ತೆರೆದ ಬಾಗಿಲು

ಮೊದಲೇ ಹೇಳಿಬಿಡುತ್ತೇನೆ, ದೆವ್ವ, ಭೂತ, ಚೌಡಿ ಇವುಗಳ ವಿಷಯದಲ್ಲಿ ನಾನು ಬಹಳ ಒರಟು ಹೆಂಗಸು. ಕೊಪ್ಪ ಪೇಟೆಯಲ್ಲಿ ಬ್ಲೌಸ್ ಹೊಲಿಯುವ ಅಂಗಡಿ ಇಟ್ಟುಕೊಂಡಿದ್ದೇನೆ. ಅಳತೆ ಕೊಡಲು ಬಂದವರು ಬರೀ ಅಳತೆ ಕೊಟ್ಟು ಹೋಗುವುದಿಲ್ಲ. ಯಾರ ಮನೆಯಲ್ಲಿ ಗೆಜ್ಜೆ ಸದ್ದು ಕೇಳಿತು, ಯಾರ ಗಂಡನಿಗೆ ಹಳ್ಳದ ದಾರಿಯಲ್ಲಿ ಬಿಳಿ ಸೀರೆಯವಳು ಕಂಡಳು, ಎಲ್ಲವೂ ನನ್ನ ಕತ್ತರಿಯ ಮುಂದೆ ಬಂದೇ ಬರುತ್ತದೆ. "ಬಿಳಿ ಸೀರೆಗೆ ಬ್ಲೌಸ್ ಯಾವ ಬಣ್ಣದ್ದು ಹಾಕಿದ್ಲು, ಅದನ್ನ ನೋಡಿದ್ರಾ?" ಎಂದು ಕೇಳಿ ಎಷ್ಟೋ ಜನರ ಬಾಯಿ ಮುಚ್ಚಿಸಿದ್ದೇನೆ. ಈಗ ಅದೇ ಬಾಯಲ್ಲಿ ಇದನ್ನು ಹೇಳಬೇಕಾಗಿ ಬಂದಿದೆ. ನಗುವವರು ನಗಲಿ, ನಾನೂ ನಗುತ್ತಿದ್ದವಳೇ.

ನಮ್ಮ ಮನೆಯಲ್ಲಿ ಮೂವರು. ನಾನು, ನಮ್ಮವರು, ಅವರ ತಾಯಿ. ನಮ್ಮವರದು ಫೋಟೊ ಸ್ಟುಡಿಯೊ. ಮದುವೆಯ ಕಾಲದಲ್ಲಿ ಅವರು ಊರಿನ ಮದುಮಕ್ಕಳ ಮುಖವನ್ನೆಲ್ಲ ನೋಡುತ್ತಾರೆ, ಮನೆಯವರ ಮುಖ ಮಾತ್ರ ನೋಡುವುದಿಲ್ಲ. ಅತ್ತೆ ಕಮ್ಮರಡಿ ಕಡೆಯವರು. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು, ಅವರಿವರ ಮನೆಯ ಅಡಿಕೆ ಸುಲಿದು ಇಬ್ಬರು ಮಕ್ಕಳನ್ನು ಸಾಕಿ, ಪೇಟೆಯಲ್ಲಿ ಈ ಪುಟ್ಟ ತಾರಸಿ ಮನೆ ನಿಲ್ಲಿಸಿದವರು. ಎಪ್ಪತ್ತು ದಾಟಿದ ಮೇಲೂ ಸುಲಿತದ ಕಾಲ ಬಂತೆಂದರೆ ಅವರನ್ನು ಹಿಡಿಯುವವರಿಲ್ಲ. ನಮ್ಮ ಬೀದಿಯ ಕೊನೆಯಲ್ಲಿ ಅಡಿಕೆ ತೋಟದ ಫಸಲನ್ನು ಚೇಣಿಗೆ, ಅಂದರೆ ಗುತ್ತಿಗೆಗೆ, ಹಿಡಿಯುವವರ ಮನೆಯಿದೆ, ಅಲ್ಲಿಗೆ ಹೋಗಿ ಕೂರುತ್ತಾರೆ. "ಈ ವಯಸ್ಸಲ್ಲಿ ಕೂಲಿಗೆ ಹೋಗ್ಬೇಕಾ ಅತ್ತೆ?" ಎಂದರೆ, "ಕೂಲಿಗಲ್ಲ ಮಾರಾಯ್ತಿ, ಮಾತಿಗೆ ಹೋಗದು" ಎನ್ನುತ್ತಾರೆ.

ಮನೆಯ ಬೀಗಕ್ಕೆ ಉಳಿದದ್ದು ಒಂದೇ ಕೀಲಿಕೈ. ಅದು ಹೂವಿನ ಕುಂಡದ ಅಡಿಯಲ್ಲಿರುತ್ತದೆ ಎಂಬುದು ಬೀದಿಯವರಿಗೆಲ್ಲ ಗೊತ್ತಿತ್ತು. ಒಂದು ದಿನ ಅತ್ತೆ ಅದನ್ನು ಎಲೆಯಡಿಕೆ ಸಂಚಿಯೊಳಗೆ ಹಾಕಿಕೊಂಡು ಎಲ್ಲಿಗೋ ಹೊರಟುಹೋದರು. ನಾನು ಬಟ್ಟೆಯ ಗಂಟಿನ ಮೇಲೆ ಕೂತು ಸಂಜೆಯೆಲ್ಲ ಬಾಗಿಲು ಕಾದೆ. ಸಿಟ್ಟು ನೆತ್ತಿಗೇರಿತು. ಸ್ಮಾರ್ಟ್ ಲಾಕ್ ತರೋಣ ಎಂದದ್ದು ನಾನೇ. ಹೊಸ ಯಂತ್ರವೆಂದರೆ ಜೀವ ಬಿಡುವ ನಮ್ಮವರು, ನಾನು ಮಾತು ಮುಗಿಸುವ ಮೊದಲೇ ಫೋನಿನಲ್ಲಿ ಹುಡುಕುತ್ತಿದ್ದರು.

ಎನ್.ಆರ್. ಪುರದಲ್ಲಿ ಎಲೆಕ್ಟ್ರಿಕಲ್ ಅಂಗಡಿ ಇಟ್ಟಿರುವ ನಾಸಿರ್ ಭಾಯಿ ನಮ್ಮವರ ಹಳೆಯ ಸ್ನೇಹಿತ. ಅವರ ಅಂಗಡಿಯಲ್ಲಿ ಅರ್ಧ ದಿನ ಕೂತು ಆರಿಸಿದೆವು. ಮುಖ ನೋಡಿ ತೆರೆಯುವುದು, ಬೆರಳು ಮುಟ್ಟಿದರೆ ತೆರೆಯುವುದು, ನಂಬರ್ ಒತ್ತಿದರೆ ತೆರೆಯುವುದು, ಕಾರ್ಡ್ ತೋರಿಸಿದರೆ ತೆರೆಯುವುದು. ಹೆಣ್ಣು ನೋಡಲು ಹೋದಾಗಲೂ ನಮ್ಮವರು ಇಷ್ಟು ಯೋಚಿಸಿರಲಿಲ್ಲ. ಬರೀ ಇಂಟರ್‌ನೆಟ್ ನಂಬಿ ಕೂರುವುದನ್ನು ತೆಗೆದುಕೊಳ್ಳಬೇಡಿ, ನಮ್ಮ ಕಡೆ ಗಾಳಿ ಬೀಸಿದರೆ ನೆಟ್‌ವರ್ಕ್ ಹೋಗುತ್ತದೆ ಎಂದರು ನಾಸಿರ್ ಭಾಯಿ. ಕರೆಂಟ್ ಹೋದರೆ ಹೆದರಬೇಡಿ, ಇದು ಬ್ಯಾಟರಿಯಲ್ಲಿ ನಡೆಯುತ್ತದೆ ಎಂದರು. ಇನ್ನೊಂದು ಮಾತನ್ನು ಒತ್ತಿ ಹೇಳಿದರು: "ಹೊರಗಿಂದ ಬರೋರಿಗೆ ಬೆರಳು, ನಂಬರು ಎಂತ ಬೇಕಾದ್ರೂ ಇರ್ಲಿ. ಒಳಗಿಂದ ಮಾತ್ರ ಕೈಯಲ್ಲಿ ಹಿಡಿಕೆ ತಿರುಗ್ಸಿದ್ರೆ ತೆಗಿಬೇಕು. ಒಳಗಿರೋರನ್ನ ಬೀಗ ಪ್ರಶ್ನೆ ಕೇಳ್ಬಾರ್ದು ನೋಡಿ." ಅಂಥದ್ದನ್ನೇ ಆರಿಸಿದೆವು. ಬಾಗಿಲು ಮುಚ್ಚಿದ ಕೂಡಲೇ ತಾನೇ ಬೀಗ ಬೀಳುತ್ತದೆ. ಹೊರಗಿನಿಂದ ತೆರೆದರೆ ಯಾರ ಬೆರಳೆಂದು, ಒಳಗಿನಿಂದ ತೆರೆದರೆ ಒಳಗಿನಿಂದ ಎಂದು ನಮ್ಮವರ ಫೋನಿಗೆ ಸುದ್ದಿ ಹೋಗುತ್ತದೆ.

ನಾಸಿರ್ ಭಾಯಿಯೇ ಬಂದು ಕೂರಿಸಿದರು. ನನ್ನ ಬೆರಳು ಹಿಡಿಯಿತು, ನಮ್ಮವರದು ಹಿಡಿಯಿತು. ಅತ್ತೆಯದು ಹಿಡಿಯಲಿಲ್ಲ. ಹೆಬ್ಬೆರಳು, ತೋರುಬೆರಳು, ಕೊನೆಗೆ ಕಿರುಬೆರಳು, ಯಾವುದಿಟ್ಟರೂ ಕೆಂಪು ದೀಪ. ಅಷ್ಟು ವರ್ಷ ಅಡಿಕೆ ಸುಲಿದ ಕೈ ಅದು. ಚೊಗರು ಹತ್ತಿ ಕಪ್ಪಾಗಿ, ಸಿಪ್ಪೆ ಉಜ್ಜಿ ಉಜ್ಜಿ ಬೆರಳಿನ ಗೆರೆಗಳೇ ಸವೆದುಹೋಗಿದ್ದವು. ಸೀಮೆಎಣ್ಣೆ ಹಾಕಿ ತಿಕ್ಕಿಸಿದೆವು, ನಿಂಬೆಹಣ್ಣು ಹಚ್ಚಿಸಿದೆವು. ಊಹೂಂ. "ಅಡಿಕೆ ಕೈ ಅಲ್ವಾ ಅಮ್ಮ, ಸುಮಾರು ಜನಕ್ಕೆ ಹಿಂಗೇ" ಎಂದು ನಾಸಿರ್ ಭಾಯಿ ಸಮಾಧಾನ ಹೇಳಿದರು. ಅತ್ತೆ ತಮ್ಮ ಬೆರಳನ್ನೇ ನೋಡಿಕೊಂಡರು. "ಈ ಕೈಯಲ್ಲೇ ಈ ಮನೆ ಕಟ್ಟಿದ್ದು" ಎಂದರು. ಅಷ್ಟೇ ಅಂದು ಒಳಗೆ ಹೋದರು.

ಅವರಿಗೆಂದು ಒಂದು ಕಾರ್ಡ್ ಕೊಟ್ಟೆವು. ಅಷ್ಟರಲ್ಲಿ ಆಯುಧಪೂಜೆ ಬಂತು. ನಮ್ಮವರು ಕ್ಯಾಮೆರಾಗಳ ಜೊತೆಗೆ ಹೊಸ ಬೀಗಕ್ಕೂ ಗಂಧ, ಕುಂಕುಮ ಬಳಿದರು, ಅದೂ ಸರಿಯಾಗಿ ಬೆರಳಿಡುವ ಗಾಜಿನ ಮೇಲೆಯೇ! ಅದನ್ನು ಒರೆಸುವವರೆಗೆ ನಮ್ಮಿಬ್ಬರ ಬೆರಳೂ ನಡೆಯಲಿಲ್ಲ. ಅತ್ತೆ ತಮ್ಮ ಕಾರ್ಡಿಗೂ ವಿಭೂತಿ ಹಚ್ಚಿ ದೇವರ ಗೂಡಿನಲ್ಲಿಟ್ಟರು. ಇಟ್ಟದ್ದು ಇಟ್ಟ ಹಾಗೇ ಉಳಿಯಿತು. "ಪೂಜೆ ಮಾಡಿದ್ದನ್ನ ಸೊಂಟಕ್ಕೆ ಸಿಗ್ಸ್ಕಂಡು ಬೀದಿ ತಿರ್ಗದಾ? ಎಂತ ಹೇಳ್ತಿ ನೀನು" ಎಂದು ನನಗೇ ಬೈದರು. ನಂಬರ್ ಒತ್ತಲು ಕಣ್ಣಿಗೆ ಪೊರೆ. ಹಾಗಾಗಿ ಅವರು ಹೊರಗೆ ಹೋದರೆ ಒಳಗೆ ಬರಲು ನಮ್ಮಲ್ಲಿ ಯಾರಾದರೂ ಬಾಗಿಲು ತೆಗೆಯಬೇಕು. ನಾನು ಅಂಗಡಿಯಿಂದ ಬರುವ ಹೊತ್ತಿಗೆ ಮೆಟ್ಟಿಲ ಮೇಲೆ ಕೂತಿರುತ್ತಿದ್ದರು. ದೀಪ ಹಚ್ಚುವ ಹೊತ್ತಿನಲ್ಲಿ ಮುಂಬಾಗಿಲು ತೆರೆದಿರಬೇಕೆಂದು ಒಂದು ಕಲ್ಲು ಅಡ್ಡ ಇಡುತ್ತಿದ್ದರು. ಬಾಗಿಲು ಮುಚ್ಚಿಲ್ಲವೆಂದು ಬೀಗ ಕುಂಯ್ ಕುಂಯ್ ಎಂದು ಅರಚುತ್ತಿತ್ತು. "ಲಕ್ಷ್ಮಿ ಬರೋ ಹೊತ್ತಿಗೆ ನಾಯಿಮರಿ ಕೂಗ್ದಂಗೆ ಕೂಗ್ತದಲ್ಲೇ ಇದು!" ಎನ್ನುವರು. ನಾನು ನಗುತ್ತಿದ್ದೆ. ಅವರು ನಗುವುದನ್ನು ಬಿಟ್ಟಿದ್ದು ಯಾವಾಗ ಎಂದು ನನಗೆ ಗೊತ್ತಾಗಲಿಲ್ಲ.

ಸುಲಿತ ಮುಗಿಯುವ ವಾರ ಅತ್ತೆ ಬಟ್ಟೆಗಳನ್ನು ಕೈಚೀಲಕ್ಕೆ ತುಂಬಿದರು. ನೆಮ್ಮಾರಿನಲ್ಲಿರುವ ಮಗಳ ಮನೆಗೆ ಹೋಗುತ್ತೇನೆ ಎಂದರು. ಎಷ್ಟು ದಿನಕ್ಕೆ ಎಂದು ಕೇಳಿದೆ. "ಅಲ್ಲಿ ಬಾಗ್ಲಿಗೆ ಚಿಲ್ಕ ಒಂದೇ. ಯಾರು ಬಂದ್ರೂ ತೆಗಿತದೆ" ಎಂದರು. ನಾವಿಬ್ಬರೂ ಎಲ್ಲ ಅತ್ತೆ ಸೊಸೆಯರಂತೆ ಜಗಳ ಆಡಿದ್ದೇವೆ, ಮಾತು ಬಿಟ್ಟಿದ್ದೇವೆ. ಆದರೆ ಅವರಿಲ್ಲದ ಆ ಮನೆಯನ್ನು ನಾನು ಒಂದು ದಿನವೂ ಕಂಡವಳಲ್ಲ. ಬೀಗವನ್ನೇ ಕೀಳಿಸುತ್ತೇನೆ ಎಂದೆ. "ದುಡ್ಡು ಕೊಟ್ಟು ತಂದಿದ್ದೀರಿ, ಇರ್ಲಿ ಬಿಡು" ಎಂದು ಚೀಲ ಹಿಡಿದು ಬೆಳಿಗ್ಗೆಯೇ ಸುಲಿತದ ಮನೆಗೆ ಹೋದರು. ಅಲ್ಲಿಂದ ಸಂಜೆ ಹೇಳಿಹೋಗಲು ಬಂದು, ಶೃಂಗೇರಿ ಬಸ್ಸು ಹತ್ತುವುದು ಅವರ ಲೆಕ್ಕ.

ನಾನು ಅಂಗಡಿ ಬೇಗ ಮುಚ್ಚಿ ಬಂದೆ. ಹೇಗಾದರೂ ಮಾಡಿ ತಡೆಯಬೇಕು, ಅಕ್ಕಿರೊಟ್ಟಿ ತಟ್ಟಿ ಎದುರಿಗೆ ಕೂರಿಸಿಕೊಂಡು ಮಾತಾಡಬೇಕು ಎಂದುಕೊಂಡಿದ್ದೆ. ನಮ್ಮವರು ಶೃಂಗೇರಿಯಲ್ಲಿ ಮದುವೆಯ ಫೋಟೊಕ್ಕೆ ಹೋಗಿದ್ದರು. ಮನೆಯಲ್ಲಿ ನಾನೊಬ್ಬಳೇ. ಇನ್ನೂ ಬೆಳಕಿತ್ತು. ಕೈಕಾಲು ತೊಳೆಯಲು ಬಚ್ಚಲಿಗೆ ಕಾಲಿಟ್ಟವಳು, ಸೋಪಿನ ನೀರಿನ ಮೇಲೆ ಜಾರಿದೆ. ಎಡಗಾಲು ಮೈಯಡಿ ಮಡಚಿಕೊಂಡಿತು. ತಲೆ ಹಂಡೆಯ ಕಟ್ಟೆಗೆ ಬಡಿಯಿತು. ತೊಡೆಯೊಳಗೆ ಏನೋ ಲಟಕ್ಕೆಂದದ್ದು ನನಗೇ ಕೇಳಿಸಿತು. ಎದ್ದೇಳಲು ನೋಡಿದರೆ ಜೀವ ಬಾಯಿಗೆ ಬಂದಂತಾಯಿತು. ಹಣೆಯಿಂದ ರಕ್ತ ಇಳಿದು ಕಣ್ಣಿಗೆ ಬರುತ್ತಿತ್ತು. ಫೋನು ಅಡುಗೆಮನೆಯಲ್ಲಿ. ಕೂಗಿದೆ, ಕೂಗು ಎನ್ನುವಂಥದ್ದು ಹೊರಡಲಿಲ್ಲ, ಬರೀ ನರಳಾಟ.

ಆಗ ಮುಂಬಾಗಿಲು ಬಡಿದ ಸದ್ದಾಯಿತು.

"ಏ ಮಾರಾಯ್ತಿ, ಇದೀಯೇನೆ? ನಾನು ಹೊಂಟೆ ಕಣೆ."

ಅತ್ತೆಗೆ ಕಿವಿ ಮಂದ. ನನ್ನ ನರಳಾಟ ಅವರಿಗೆ ಕೇಳುವಂತಿರಲಿಲ್ಲ. ಮತ್ತೆ ಬಡಿದರು, ಮತ್ತೆ ಕರೆದರು. ಆಮೇಲೆ, "ಚಪ್ಪಲಿ ಇಲ್ಲೇ ಅದೆ. ಬಾಗ್ಲು ತೆಗಿಯಕ್ಕೂ ಬ್ಯಾಡಾದ್ನಾ ನಾನು? ಆತು ಬಿಡು" ಎಂದರು. ಮೆಟ್ಟಿಲು ಇಳಿಯುವ ಸದ್ದು ಕೇಳಿತು.

ಓದುವವರಿಗೆ ನಿಜ ಹೇಳುತ್ತೇನೆ. ಆ ಗಳಿಗೆಯಲ್ಲಿ ನನಗೆ ಕಾಲಿನ ಯೋಚನೆ ಇರಲಿಲ್ಲ, ಸಾಯುತ್ತೇನೆಂಬ ಯೋಚನೆಯೂ ಇರಲಿಲ್ಲ. ಇವರು ಹೀಗೇ ಅಂದುಕೊಂಡು ಹೋಗಿಬಿಡುತ್ತಾರಲ್ಲ, ನಾನು ಒಳಗಿದ್ದೂ ಬಾಗಿಲು ತೆಗೆಯಲಿಲ್ಲ ಅಂದುಕೊಂಡು ಹೋಗುತ್ತಾರಲ್ಲ ಎಂಬುದೊಂದೇ. ಮನಸ್ಸಿನಲ್ಲೇ ಎದ್ದು ಓಡಿ ಓಡಿ ಬಾಗಿಲು ತೆಗೆದೆ. ಮೈ ಮಾತ್ರ ಒದ್ದೆ ನೆಲದ ಮೇಲೆ ಬಿದ್ದಲ್ಲೇ ಇತ್ತು.

ಅಷ್ಟರಲ್ಲಿ ಬೀಗ ಕುಂಯ್ ಎಂದಿತು. ಹಿಡಿಕೆ ತಿರುಗಿದ ಸದ್ದು, ಬಾಗಿಲು ತೆರೆದ ಸದ್ದು. ಹಿಂದೆಯೇ ಅತ್ತೆಯ ಕಾಲ್ಸಪ್ಪಳ ಒಳಗೆ ಬಂತು. ಅವರ ದನಿ ಹಜಾರದಲ್ಲಿ ಕೇಳಿತು. "ಎಲ್ಲಿಗೆ ಹೋದ್ಯೇ? ಈಗ ಇಲ್ಲೇ ಇದ್ಯಲ್ಲ!"

ಕೋಣೆ ನೋಡಿದರು, ಅಡುಗೆಮನೆ ನೋಡಿದರು. ಕೊನೆಗೆ ಬಚ್ಚಲ ಬಾಗಿಲಲ್ಲಿ ನಿಂತು ನನ್ನನ್ನು ಕಂಡವರೇ "ಅಯ್ಯೋ ಶಿವನೇ!" ಎಂದು ಚೀರಿದರು. ಆ ಕೂಗಿಗೆ ಬೀದಿಯೇ ಓಡಿಬಂತು.

ಆಮೇಲಿನದೆಲ್ಲ ಆಸ್ಪತ್ರೆಯ ಕಥೆ. ಕೊಪ್ಪದಿಂದ ಶಿವಮೊಗ್ಗಕ್ಕೆ ಸಾಗಿಸಿದರು, ತೊಡೆಗೆ ರಾಡು ಹಾಕಿದರು. ಆ ಕಾಲಿನ ಮೇಲೆ ನಾನು ನಿಲ್ಲುವುದಿರಲಿ, ಮಗ್ಗುಲಾಗುವುದೂ ಸಾಧ್ಯವಿರಲಿಲ್ಲ ಎಂದರು ಡಾಕ್ಟರು. ಹೊತ್ತಾಗಿದ್ದರೆ ಏನಾಗುತ್ತಿತ್ತೋ ಹೇಳಲಾಗದು ಎಂದರು.

ಬಾಗಿಲು ಹೇಗೆ ತೆರೆಯಿತು ಎಂದು ನಾನು ಮಾತಾಡುವಷ್ಟಾದಾಗ ನಮ್ಮವರನ್ನು ಕೇಳಿದೆ. ಅವರು ಮೊದಲೇ ಫೋನು ನೋಡಿಕೊಂಡಿದ್ದರು. ಬೆರಳಿಲ್ಲ, ಕಾರ್ಡಿಲ್ಲ, ನಂಬರಿಲ್ಲ. ಒಳಗಿನಿಂದ ತೆರೆದಿದೆ ಎಂದು ಬಂದಿತ್ತು. ಚಳಿಗೆ ಬಾಗಿಲಿನ ಮರ ಎಳೆದು ಬೀಗದ ನಾಲಿಗೆ ಸರಿಯಾಗಿ ಕೂತಿರಲಿಕ್ಕಿಲ್ಲ, ಅಮ್ಮ ಬಡಿದ ಬಡಿತಕ್ಕೆ ಬಿಚ್ಚಿಕೊಂಡಿರಬೇಕು ಎಂದು ಅವರ ವಾದ. ನಾಸಿರ್ ಭಾಯಿ ಬಂದು ಬೀಗ ಬಿಚ್ಚಿ ನೋಡಿದರು, ಬಾಗಿಲನ್ನು ಎಲ್ಲ ರೀತಿಯಲ್ಲೂ ಗುದ್ದಿ ನೋಡಿದರು. ಒಂದು ಸಲವೂ ಬಿಚ್ಚಿಕೊಳ್ಳಲಿಲ್ಲ. "ಬೀಗದಲ್ಲಿ ಎಂತ ತೊಂದ್ರೆನೂ ಇಲ್ಲ. ಯಾರೋ ಹಿಡಿಕೆ ತಿರುಗ್ಸಿದ್ದಾರೆ, ಅಷ್ಟೇ" ಎಂದು ಹೇಳಿ ಚಹಾ ಕುಡಿದು ಹೋದರು.

ಅತ್ತೆಗೆ ಮಾತ್ರ ಇದರಲ್ಲಿ ಆಶ್ಚರ್ಯವೇ ಇಲ್ಲ. ಮೆಟ್ಟಿಲಿಳಿದು ಗೇಟಿನ ತನಕ ಹೋಗಿದ್ದರಂತೆ. ಬಾಗಿಲು ತೆರೆಯಿತಂತೆ. ನಾನು ನಿಂತಿದ್ದೆನಂತೆ, ಕೂದಲು ಬಿಚ್ಚಿಹೋಗಿ, ಸೀರೆಯ ಅಂಚು ಒದ್ದೆಯಾಗಿ. ಅವರು ತಿರುಗಿ ಮೆಟ್ಟಿಲು ಹತ್ತಿ ಬಂದಾಗ "ಹೋಗ್ಬ್ಯಾಡಿ ಅತ್ತೆ" ಎಂದು ಅವರ ಕೈಯಿಂದ ಚೀಲ ಇಸಿದುಕೊಂಡು ಒಳಗೆ ಹೋದೆನಂತೆ. ಹಿಂದೆಯೇ ಬಂದು ನೋಡಿದರೆ ಹಜಾರದಲ್ಲಿ ನಾನಿಲ್ಲ. ಚೀಲ ಅವರ ಮಂಚದ ಮೇಲಿತ್ತು, ಅದನ್ನು ಅಕ್ಕಪಕ್ಕದವರೂ ನೋಡಿದ್ದಾರೆ. ಗಾಬರಿಯಲ್ಲಿ ಅಮ್ಮನೇ ಇಟ್ಟಿರುತ್ತಾಳೆ ಎನ್ನುತ್ತಾರೆ ನಮ್ಮವರು. ಇರಬಹುದು. ನೀನು ಪ್ರಜ್ಞೆ ತಪ್ಪಿದ್ದೆ, ಏನೇನೋ ಕೇಳಿಸಿರುತ್ತದೆ ಎಂದೂ ಎನ್ನುತ್ತಾರೆ. ನನಗೆ ಪ್ರಜ್ಞೆ ತಪ್ಪಿರಲಿಲ್ಲ. ಅತ್ತೆಗೆ ಪೊರೆಗಣ್ಣು, ಏನನ್ನೋ ನೋಡಿ ಏನೋ ಅಂದುಕೊಂಡಿರಬಹುದು ಎಂದು ನಾನೂ ಎಷ್ಟೋ ಸಲ ನನಗೇ ಹೇಳಿಕೊಂಡಿದ್ದೇನೆ. ಹಾಗಾದರೆ ಆ ಹಿಡಿಕೆ ತಿರುಗಿಸಿದ್ದು ಯಾರು? ಅಲ್ಲಿಗೆ ಬಂದು ನನ್ನ ಬುದ್ಧಿ ನಿಂತುಬಿಡುತ್ತದೆ.

ಅತ್ತೆ ನೆಮ್ಮಾರಿಗೆ ಹೋಗಲಿಲ್ಲ. ನಾನು ಮಂಚದಲ್ಲಿದ್ದಷ್ಟು ತಿಂಗಳೂ ನನ್ನ ಮೈ ಒರೆಸಿ, ತಲೆ ಬಾಚಿ, ಬೈದು ಬೈದು ಉಣ್ಣಿಸಿ ನಡೆಯುವಂತೆ ಮಾಡಿದರು. ಮಗಳು ಬಂದು ಕರೆದಾಗಲೂ ಹೊರಡಲಿಲ್ಲ. "ಅಲ್ಲಿಗೆ ನಾನೆಂತಕ್ಕೆ ಬರ್ಲೇ? ಮುರುದ ಕಾಲಲ್ಲಿ ಎದ್ದು ಬಂದು ಬಾಗ್ಲು ತೆಗ್ದು, ಹೋಗ್ಬ್ಯಾಡಿ ಅಂದ್ಲು ಇವ್ಳು. ಹೆತ್ತ ಮಕ್ಳೂ ಹಂಗೆ ಮಾಡದಿಲ್ಲ" ಎಂದರು. ನಾನು ಪಕ್ಕದ ಕೋಣೆಯಲ್ಲಿ ಮಲಗಿ ಕೇಳುತ್ತಿದ್ದೆ. ಕೂಗಿ ಹೇಳಬೇಕೆನಿಸಿತು, ಅದು ನಾನಲ್ಲ ಅತ್ತೆ, ನಾನು ಬಿದ್ದಲ್ಲಿಂದ ಅಲ್ಲಾಡಿಲ್ಲ ಎಂದು. ಬಾಯಿ ಬರಲಿಲ್ಲ. ಅವರು ಈ ಮನೆಯಲ್ಲಿ ಉಳಿದಿರುವುದು ಆ ಒಂದು ಕರೆಯ ಮೇಲೆ. ಅದು ನನ್ನದಲ್ಲ ಎಂದುಬಿಟ್ಟರೆ ಅವರ ಪಾಲಿಗೆ ಏನು ಉಳಿಯುತ್ತದೆ?

ನನ್ನದಲ್ಲ ಎಂದು ಗಟ್ಟಿಯಾಗಿ ಹೇಳಲು ನನಗೂ ಆಗುವುದಿಲ್ಲ. ಹೋಗಬೇಡಿ ಎಂಬ ಆ ಮಾತು ಅವತ್ತು ಬಚ್ಚಲಲ್ಲಿ ಬಿದ್ದಿದ್ದಾಗ ನನ್ನ ನಾಲಿಗೆಯ ಮೇಲೆ ಇತ್ತು, ಹೊರಗೆ ಬಂದಿರಲಿಲ್ಲ.

ಈಗಲೂ ಒಮ್ಮೊಮ್ಮೆ ಊಟಕ್ಕೆ ಕೂತಾಗ ಅತ್ತೆ ನನ್ನ ಕಾಲು ನೋಡುತ್ತಾರೆ. "ಅಲ್ದೇ, ಅವತ್ತು ಅಷ್ಟು ನೋವಲ್ಲಿ ಹೆಂಗೆ ಬಂದ್ಯೇ ನೀನು ಬಾಗ್ಲ ತನ್ಕ?" ಎಂದು ಕೇಳುತ್ತಾರೆ.

"ಗೊತ್ತಿಲ್ಲ ಅತ್ತೆ" ಎನ್ನುತ್ತೇನೆ. ಅದರಲ್ಲಿ ಸುಳ್ಳಿಲ್ಲ.