ಕ್ರೇನಿನ ಬ್ರೇಕ್ ಬಿಟ್ಟವರು ಯಾರು?

ನಂಬುವುದು ಬಿಡುವುದು ನಿಮಗೆ ಸೇರಿದ್ದು. ನಂಬಿ ಎಂದು ಗೋಗರೆದು ಗೋಗರೆದು ನನಗೇ ಸಾಕಾಗಿದೆ. ಹೆಂಡತಿ ನಂಬಲಿಲ್ಲ, ಸೂಪರ್‌ವೈಸರ್ ನಕ್ಕ. ಆದರೆ ಆ ರಾತ್ರಿ ಸೆಟ್ ಹಿಡಿದಿದ್ದು ನನ್ನ ಕೈ, ಕೇಳಿದ್ದು ನನ್ನ ಕಿವಿ.

ನಾನು ವಿಜಯಪುರ ಕಡೆಯವನು. ಪರೇಲ್‌ನಲ್ಲಿ ಹಳೇ ಮಿಲ್ ಕೆಡವಿ ಕಟ್ಟುತ್ತಿದ್ದ ಬಿಲ್ಡಿಂಗ್‌ನಲ್ಲಿ ಟವರ್ ಕ್ರೇನ್ ನಡೆಸುತ್ತಿದ್ದೆ. ಮೂವತ್ತು ಮಾಳಿಗೆ ಎತ್ತರದ ಕ್ಯಾಬಿನ್‌ನಲ್ಲಿ ಕೂತರೆ ಕೆಳಗೆ ಯಾರಿದ್ದಾರೆ ಎಂದು ಕಾಣುವುದಿಲ್ಲ. ಅದಕ್ಕೇ ಅಲ್ಲೊಂದು ಕಟ್ಟುನಿಟ್ಟಿನ ನಿಯಮ. ಮೇಲಿನವನು ಏನು ಮಾಡುವುದಿದ್ದರೂ ವಾಕಿಟಾಕಿ ಸೆಟ್‌ನಲ್ಲಿ ಕೆಳಗಿನವನನ್ನು ಕೇಳಬೇಕು. ಎತ್ತಲೇ? ತಿರುಗಿಸಲೇ? ಇಳಿಯಲೇ? ಕೆಳಗಿನವನು ಹೂಂ ಅನ್ನುವವರೆಗೂ ಸುಮ್ಮನೆ ಕೂರಬೇಕು.

ಇನ್ನೊಂದು ನಿಯಮ. ಲಾರಿಯವನು ಬ್ರೇಕ್ ಹಾಕಿ ಇಳಿಯುತ್ತಾನೆ, ಕ್ರೇನಿನವನು ಬ್ರೇಕ್ ಬಿಟ್ಟು ಇಳಿಯಬೇಕು. ಆಗ ಕ್ರೇನಿನ ಉದ್ದನೆಯ ತೋಳು ಗಾಳಿ ಹೋದತ್ತ ತಾನೇ ತಿರುಗಿಕೊಳ್ಳುತ್ತದೆ. ಬಿಡದಿದ್ದರೆ ಗಾಳಿಗೆ ಅಡ್ಡ ನಿಲ್ಲುತ್ತದೆ... ದೊಡ್ಡ ಗಾಳಿಯಾದರೆ ಉರುಳಿಯೇ ಬೀಳಬಹುದು.

ಚಂಡಮಾರುತ ರಾತ್ರಿಯೇ ದಡಕ್ಕೆ ಬಡಿಯುತ್ತದೆ ಎಂದು ಆ ಸಂಜೆ ಎಲ್ಲರ ಮೊಬೈಲೂ ಕೂಗುತ್ತಿತ್ತು. "ಇನ್ನೊಂದು ಲೋಡ್, ಇನ್ನೊಂದು ಲೋಡ್" ಎಂದು ನನ್ನ ಪ್ರಾಣ ತಿನ್ನುತ್ತಿದ್ದ ಸೂಪರ್‌ವೈಸರ್ ಸಾವಂತ್ ಸೆಟ್‌ನಲ್ಲಿ ಒಮ್ಮೆಲೇ ಅರಚತೊಡಗಿದ.

"ಅರೇ ಬಸು, ಜಲ್ದಿ ಉತರ್! ಮರ್ನಾ ಹೈ ಕ್ಯಾ?"

ಆ ಗಡಿಬಿಡಿಯಲ್ಲಿ ಕ್ಯಾಬಿನ್ ಕೆಳಗಿನ ಕಬ್ಬಿಣದ ಬಾಗಿಲಿಗೆ ಬೀಗ ಜಡಿದು, ಕೀಲಿ ಸೊಂಟಕ್ಕೆ ಸಿಕ್ಕಿಸಿ ಇಳಿದೆ. ಸೆಟ್ ಮೇಲೇ ಉಳಿಯಿತು. ನೆಲ ಮುಟ್ಟಿ ಚಹಾದ ಗ್ಲಾಸು ಕೈಗೆತ್ತಿಕೊಂಡಾಗ ನೆನಪಾಯಿತು.

ಬ್ರೇಕ್ ಬಿಟ್ಟಿರಲಿಲ್ಲ...

ಕ್ರೇನಿನ ಬುಡದಲ್ಲೇ ನಮ್ಮ ತಗಡಿನ ಪತ್ರಾ ಶೆಡ್‌ಗಳು. ನಲವತ್ತು ಮಂದಿ ಅದರೊಳಗೆ. ನನ್ನ ಹೆಂಡತಿ ಮಹಾದೇವಿಯೂ ಅಲ್ಲೇ ರೊಟ್ಟಿ ಬಡಿಯುತ್ತಿದ್ದಳು.

ಓಡಿಹೋಗಿ ಸಾವಂತ್‌ಗೆ ಹೇಳಿದೆ. ಮತ್ತೆ ಹತ್ತುತ್ತೇನೆ ಎಂದೆ. ಈ ಗಾಳಿಯಲ್ಲಿ ನೀನು ಹತ್ತಿ ಸತ್ತರೆ ನನ್ನ ಕೊರಳಿಗೆ ಬರುತ್ತದೆ ಎಂದು ಏಣಿಯ ಗೇಟಿಗೇ ಬೀಗ ಹಾಕಿಸಿದ. ಹಾಗಾದರೆ ಮಂದಿಯನ್ನಾದರೂ ಬಿಲ್ಡಿಂಗ್ ಒಳಗೆ ಬಿಡಿ ಎಂದೆ. ಪಾರ್ಕಿಂಗ್‌ನಲ್ಲಿ ಮೊನ್ನೆಯಷ್ಟೇ ಟೈಲ್ಸ್ ಹಾಕಿದ್ದಾರಂತೆ, ಹೊಲಸಾಗುತ್ತದಂತೆ! ಮೈಯೆಲ್ಲ ಉರಿದುಹೋಯಿತು. ಸಾವಂತ್ ಜೀಪು ಹತ್ತಿ ಮಲಾಡ್‌ನ ತನ್ನ ಮನೆಗೆ ಹೊರಟೇಹೋದ.

"ಹೊರಗ ಬಾ, ಇಲ್ಲಿ ಇರೂದು ಬ್ಯಾಡ" ಎಂದು ಮಹಾದೇವಿಯ ಕೈ ಎಳೆದೆ.

"ಎಲ್ಲಿಗಿ ಹೋಗೂಣ್ರಿ? ರಸ್ತಾದಾಗ ಗಿಡ ಬಿದ್ದಾವ, ಪತ್ರಾ ಹಾರಾಕತ್ತಾವ. ನಿಮಗೇನ್ ತಲಿ ಕೆಟ್ಟೈತೇನು?"

ಅವಳದೂ ತಪ್ಪಲ್ಲ.

ಹನ್ನೊಂದಕ್ಕೆ ಕರೆಂಟ್ ಹೋಯಿತು. ಸಮುದ್ರದ ಕೊಳೆತ ಮೀನಿನ ವಾಸನೆ ಪರೇಲ್‌ವರೆಗೂ ಬಂದಿತ್ತು. ಕೆಳಗೆ ನಿಂತು ಸಿಗ್ನಲ್ ಕೊಡುವವನ ಸೆಟ್ ತೆಗೆದುಕೊಂಡು ಕ್ರೇನಿನ ಬುಡದಲ್ಲಿ ನಿಂತೆ. ಏನು ಮಾಡಲೆಂದು ನಿಂತೆನೋ ನನಗೇ ಗೊತ್ತಿಲ್ಲ. ಕಿರ್... ಕಿರ್... ಮೇಲೆ ಕಬ್ಬಿಣ ನರಳುತ್ತಿತ್ತು. ಬುಡದ ಬೋಲ್ಟ್ ಮೇಲೆ ಕೈಯಿಟ್ಟರೆ ನಡುಗುತ್ತಿತ್ತು. ಹಾಳಾದ ನನ್ನ ಮರೆವಿಗೆ ಎಷ್ಟು ಬೈದುಕೊಂಡರೂ ಸಾಲದು.

ಆಗ ಸೆಟ್ ಗರಗರ ಅಂದಿತು.

"ಕೆಳಗ ಯಾರರ ಅದೀರೇನು?"

ಆ ಸೈಟ್‌ನಲ್ಲಿ ಎರಡೇ ಸೆಟ್. ಒಂದು ನನ್ನ ಕೈಯಲ್ಲಿ... ಇನ್ನೊಂದು ಮೇಲೆ, ನಾನೇ ಬೀಗ ಹಾಕಿದ ಕ್ಯಾಬಿನ್‌ನಲ್ಲಿ. ಅದೂ ಅಲ್ಲದೆ ಆ ಸೆಟ್‌ನಲ್ಲಿ ಇಷ್ಟು ದಿನ ಹಿಂದಿ ಬಿಟ್ಟು ಬೇರೆ ಮಾತೇ ಬಂದಿರಲಿಲ್ಲ.

"ಯಾರದು? ಮ್ಯಾಲ ಯಾರ್ ಅದೀರಿ?"

ಗಾಳಿಯ ಸದ್ದು. ಯಾರೋ ಉಸಿರಾಡುವ ಸದ್ದು. ಆಮೇಲೆ ಬಹಳ ತಣ್ಣಗೆ, "ಬ್ರೇಕ್ ಬಿಡಲೇನು?"

ಕೆಲಸ ಗೊತ್ತಿರುವವನ ದನಿ. ನಾನು ಹೂಂ ಅನ್ನದೆ ಅವನು ಬಿಡುವುದಿಲ್ಲ. ಶೆಡ್‌ನಿಂದ ಯಾರೋ ಕೆಮ್ಮಿದ್ದು ಕೇಳಿಸಿತು.

"ಬಿಡ್ರಿ" ಎಂದೆ.

ಸೆಟ್‌ನಲ್ಲಿ ಖಟ್ ಎಂದು ಸದ್ದಾಯಿತು. ಮಿಂಚಿನ ಬೆಳಕಿನಲ್ಲಿ ಕಣ್ಣಾರೆ ಕಂಡೆ... ಅಷ್ಟು ದೊಡ್ಡ ತೋಳು ನಿಧಾನವಾಗಿ ಗಾಳಿ ಹೋದತ್ತ ಹೊರಳಿ ನಿಂತಿತು. ಬೋಲ್ಟ್‌ಗಳ ನಡುಕ ನಿಂತುಹೋಯಿತು. ಅಲ್ಲೇ ಕೆಸರಿನಲ್ಲಿ ಕೂತು ಅತ್ತುಬಿಟ್ಟೆ.

ಬೆಳಗಿನ ಜಾವ ಗಾಳಿ ತಗ್ಗಿದಾಗ ಸೆಟ್ ಮತ್ತೊಮ್ಮೆ ಗರಗರ ಅಂದಿತು.

"ಇಳೀಲೇನು?"

ನಾನು ಸೆಟ್ ಆಫ್ ಮಾಡಿಬಿಟ್ಟೆ.

ಸಾವಂತ್ ಹತ್ತು ಗಂಟೆಗೆ ಇಸ್ತ್ರಿ ಶರ್ಟ್‌ನಲ್ಲಿ ಬಂದ. "ದೇಖಾ? ಕುಛ್ ಹುವಾ? ಫಾಲ್ತೂ ಮೇ ಬೋಮ್ ಮಾರ್ತಾ ಹೈ." ಏನೂ ಆಗಲಿಲ್ಲ, ಸುಮ್ಮನೆ ಬೊಬ್ಬೆ ಹೊಡೆದೆ, ಬ್ರೇಕನ್ನು ನೀನೇ ಬಿಟ್ಟು ಮರೆತಿದ್ದೀಯ ಎಂದು ನಕ್ಕ. ಗೇಟು ತೆಗೆಸಿ ಹತ್ತಿದೆ. ಬಾಗಿಲಿನ ಬೀಗ ಹಾಕಿದ ಹಾಗೇ ಇತ್ತು. ಒಳಗೆ ಯಾರೂ ಇಲ್ಲ. ಕೈಯಿಂದ ಬ್ರೇಕ್ ಬಿಡುವ ಹಿಡಿಕೆಯನ್ನು ಮಾತ್ರ ಯಾರೋ ಪೂರ್ತಿ ಎಳೆದಿದ್ದರು.

ಅಲ್ಲಿ ಯಾರಾದರೂ ಸತ್ತಿದ್ದರೇ ಎಂದು ಎಲ್ಲರನ್ನೂ ಕೇಳಿದೆ. ಯಾರೂ ಇಲ್ಲ. ಕ್ರೇನೂ ಹೊಸದು. ಸತ್ತವರೊಬ್ಬರು ಸಿಕ್ಕಿದ್ದರೆ ಒಂದು ಹಾರ ಹಾಕಿ, ಕಾಯಿ ಒಡೆದು ಕೈತೊಳೆದುಕೊಳ್ಳುತ್ತಿದ್ದೆ. ಅದಕ್ಕೂ ದಾರಿಯಿಲ್ಲ!

ನಾನು ಆ ಕೆಲಸ ಬಿಟ್ಟೆ. ಬಿಲ್ಡಿಂಗ್ ಮುಗಿದ ಮೇಲೆ ಕ್ರೇನ್ ಬಿಚ್ಚಿ ಕಾಂದಿವಲಿಯ ಸೈಟ್‌ಗೆ ಒಯ್ದರು. ಹೋದ ವಾರ ಅಲ್ಲಿನ ಆಪರೇಟರ್ ನನ್ನ ನಂಬರ್ ಹುಡುಕಿ ಫೋನ್ ಮಾಡಿದ್ದ, ಜಾರ್ಖಂಡ್‌ನ ಹುಡುಗ. ಮಳೆ ಬಂದಾಗೆಲ್ಲ ಸೆಟ್‌ನಲ್ಲಿ ಯಾರೋ ಒಂದೇ ಮಾತು ಕೇಳುತ್ತಾರಂತೆ.

"ಆಪ್ ಕೀ ಭಾಷಾ ಲಗ್ತೀ ಹೈ, ಭಯ್ಯಾ. 'ಇಳೀಲೇನು' ಮತ್ಲಬ್ ಕ್ಯಾ?"

ಅದರ ಅರ್ಥ ಗೊತ್ತಿಲ್ಲ ಎಂದು ಫೋನ್ ಇಟ್ಟೆ. ನಲವತ್ತು ಜೀವ ಉಳಿಸಿದವನಿಗೆ "ಇಳೀರಿ" ಎನ್ನಲು ನನಗೇನು ಧಾಡಿ ಎಂದು ನನ್ನ ಮೇಲೇ ಸಿಟ್ಟು ಬರುತ್ತದೆ. ಆದರೆ ಹೂಂ ಅಂದರೆ ಇಳಿದು ಬರುವುದು ಯಾರು...?