ಸಿಟ್‌ಡೌನ್ ಮೇಷ್ಟ್ರ ಮೊಣಕಾಲು

ಆ ಹೈಸ್ಕೂಲಿನಲ್ಲಿ ಇಪ್ಪತ್ತೊಂಬತ್ತು ವರ್ಷದಿಂದ ಇಂಗ್ಲಿಷ್ ವ್ಯಾಕರಣ ಕಲಿಸುತ್ತಿದ್ದವರಿಗೆ ಮಕ್ಕಳು ಇಟ್ಟ ಹೆಸರು ಸಿಟ್‌ಡೌನ್ ಮೇಷ್ಟ್ರು. ಹೆಸರು ಕೇಳಿದವರು, ಗದರಿಸಿ ಕೂರಿಸುವ ಆಸಾಮಿ ಇರಬೇಕು ಅಂದುಕೊಳ್ಳುತ್ತಿದ್ದರು. ನಿಜ ಸಂಗತಿ ತಲೆಕೆಳಗು. ಕೂರುತ್ತಿದ್ದವರು ಮೇಷ್ಟ್ರು, ಕೂರಿಸುತ್ತಿದ್ದವರು ಮಕ್ಕಳು.

ಕೆಲಸಕ್ಕೆ ಸೇರಿದ ಮೊದಲ ವಾರವೇ ಅವರ ಪಾಲಿಗೆ ಬಂದದ್ದು ಇಂಪೆರೆಟಿವ್ ಪಾಠ, ಅಂದರೆ ಆಜ್ಞೆ ಮಾಡುವ ಕ್ರಿಯಾಪದಗಳು. "ಸ್ಟ್ಯಾಂಡ್ ಅಪ್" ಎಂದರು. ಒಬ್ಬರೂ ಏಳಲಿಲ್ಲ. "ಓಪನ್ ಯುವರ್ ಬುಕ್ಸ್" ಎಂದರು. ಹಿಂದಿನ ಬೆಂಚಿನಲ್ಲಿ ಯಾರೋ ಆಕಳಿಸಿದರು. ಇಂಥ ವಾಕ್ಯದಲ್ಲಿ 'ಯೂ' ಎನ್ನುವುದು ಕಾಣದ ಹಾಗೆ ಅಡಗಿರುತ್ತದೆ ಎಂದು ಬೋರ್ಡಿನ ಮೇಲೆ ಆಗಷ್ಟೇ ಬರೆದಿದ್ದರು. ತಮ್ಮ ಆಜ್ಞೆಯಲ್ಲಿ ಮಾತ್ರ ಕೇಳುವವರೇ ಪೂರ್ತಿ ನಾಪತ್ತೆ ಎಂದು ಅವರಿಗೆ ಹೊಳೆಯಿತು. ಮಾನ ಉಳಿಸಿಕೊಳ್ಳಬೇಕಲ್ಲ! "ಸರಿ ಹಾಗಾದ್ರೆ, ನೀವು ಹೇಳಿ, ನಾನು ಮಾಡ್ತೀನಿ" ಅಂದುಬಿಟ್ಟರು.

ತರಗತಿಗೆ ಜೀವ ಬಂತು. ಸಿಟ್ ಡೌನ್ ಎಂದರೆ ಮೇಷ್ಟ್ರು ಕೂತರು, ಜಂಪ್ ಎಂದರೆ ಹಾರಿದರು. ಒಬ್ಬಳು "ಗೋ ಔಟ್" ಎಂದಳು, ಹೊರಗೆ ಹೋಗಿ ನಿಂತರು. "ಕಮ್ ಇನ್" ಎನ್ನುವುದು ಯಾರಿಗೂ ನೆನಪಾಗದೆ, ಗಂಟೆ ಹೊಡೆಯುವವರೆಗೂ ವರಾಂಡದಲ್ಲೇ ಇದ್ದರು. ಆದರೆ ಪರೀಕ್ಷೆಯಲ್ಲಿ ಆ ಪ್ರಶ್ನೆಗೆ ಎಲ್ಲರಿಗೂ ಪೂರ್ತಿ ಅಂಕ. ಇದು ಹೊಸ ಬೋಧನಾ ವಿಧಾನ ಎಂದು ಹೆಡ್‌ಮಾಸ್ಟರು ಬೇರೆ ಶಾಲೆಯವರನ್ನೂ ಕರೆಸಿ ತೋರಿಸಿದರು. ಕೈಲಾಗದತನಕ್ಕೆ ವಿಧಾನ ಅಂತ ಹೆಸರಿಟ್ಟರೆ ಅದಕ್ಕೂ ಮರ್ಯಾದೆ ಬರುತ್ತದಲ್ಲ ಎಂದು ಮೇಷ್ಟ್ರು ತಮ್ಮಷ್ಟಕ್ಕೆ ತಾವೇ ನಕ್ಕರು.

ಮನೆಯಲ್ಲಂತೂ ಅವರು ಆಜ್ಞೆ ಮಾಡುವ ಪ್ರಮೇಯವೇ ಬರಲಿಲ್ಲ. ಹೆಂಡತಿ ಟೈಲರ್. ಬೀದಿಯವರಿಗೆಲ್ಲ ಟೈಲರಮ್ಮ. ಮುಂದಿನ ಕೋಣೆಯಲ್ಲಿ ಕಾಲಲ್ಲಿ ತುಳಿಯುವ ಮಿಷನ್ನು, ಆಳೆತ್ತರದ ಕನ್ನಡಿ, ಕತ್ತಿನಲ್ಲಿ ಸದಾ ಅಳತೆ ಟೇಪು. "ಕೈ ಎತ್ತಿ. ತಿರುಗಿ. ಹೊಟ್ಟೆ ಒಳಗೆ ಎಳ್ಕೋಬೇಡಿ, ಆಮೇಲೆ ಬಿಗಿ ಅಂತ ನನ್ನ ಬೈಬೇಡಿ" ಎಂದರೆ ಎಂಥ ಜೋರಿನ ಹೆಂಗಸೂ ತುಟಿಪಿಟಕ್ಕೆನ್ನದೆ ತಿರುಗುತ್ತಿದ್ದಳು. ಮಗಳನ್ನು ಏನು ಓದಿಸಬೇಕು, ಗೋಡೆಗೆ ಯಾವ ಬಣ್ಣ, ಮೇಷ್ಟ್ರು ಯಾವ ಅಂಗಿ ಹಾಕಬೇಕು, ಎಲ್ಲ ಟೈಲರಮ್ಮನ ಬಾಯಿಂದಲೇ ಇತ್ಯರ್ಥ. ಮೇಷ್ಟ್ರ ಪಾತ್ರ "ಹೂಂ" ಎನ್ನುವುದು. ಅದನ್ನು ಅವರು ಚಾಚೂ ತಪ್ಪದೆ ನಿರ್ವಹಿಸಿದರು.

ಹೀಗಿರುವಾಗ ಟೈಲರಮ್ಮನ ಬಲ ಮೊಣಕಾಲು ಸವೆದು ಆಪರೇಷನ್ ಆಯಿತು. ಆಸ್ಪತ್ರೆಯಿಂದ ಬಂದ ಮೇಲೆ ಫಿಸಿಯೋ ಹುಡುಗಿಯೊಬ್ಬಳು ಮನೆಗೆ ಬಂದು ವ್ಯಾಯಾಮ ಕಲಿಸಿದಳು.

"ಸರ್, ದಿನಕ್ಕೆ ಮೂರು ಸಲ ಮಾಡಿಸಿ. ಮೇಡಮ್ ನೋವು ಅಂತಾರೆ, ನೀವು ಸ್ಟ್ರಿಕ್ಟಾಗಿ ಇರ್ಬೇಕು. ಮೇಷ್ಟ್ರಲ್ವಾ, ನಿಮಗೇನು ಕಷ್ಟ?" ಎಂದು ಒಂದು ಇಂಗ್ಲಿಷ್ ಹಾಳೆ ಕೊಟ್ಟು ಹೋದಳು.

ಸಿಟ್, ಬೆಂಡ್, ಹೋಲ್ಡ್, ರಿಲ್ಯಾಕ್ಸ್. ಸಾಲಿಗೊಂದು ಇಂಪೆರೆಟಿವ್! ಹಳೆಯ ನೆಂಟರು ಸಿಕ್ಕಷ್ಟು ಖುಷಿಯಾಯಿತು ಮೇಷ್ಟ್ರಿಗೆ. ಒಂದು ಕಡೆ ಬಿಟ್ಟುಹೋಗಿದ್ದ 'ದ' ಎಂಬ ಆರ್ಟಿಕಲ್ಲನ್ನು ಕೆಂಪು ಪೆನ್ನಿನಲ್ಲಿ ಸೇರಿಸಿ ಹಾಳೆಯನ್ನು ಗೋಡೆಗೆ ಅಂಟಿಸಿದರು. ಆಮೇಲೆ ಗಂಟಲು ಸರಿಮಾಡಿಕೊಂಡು, "ಸ್ವಲ್ಪ ಮಡಿಸ್ತೀಯಾ?" ಎಂದರು.

"ಹೇಗೆ? ನೀವು ಮಾಡಿ ತೋರಿಸಿ."

ತೋರಿಸಿದರು.

"ಇನ್ನೂ ನಿಧಾನ. ಹತ್ತು ಎಣಿಸಿ. ಇನ್ನೊಂದ್ಸಲ."

ಮೇಷ್ಟ್ರು ಎಣಿಸಿದರು, ಇನ್ನೊಂದು ಸಲವೂ ಮಾಡಿದರು. ಟೈಲರಮ್ಮ ದಿಂಬಿಗೆ ಒರಗಿ, ಎರಡು ಸಲ ತಾವೂ ಮಡಿಸಿದ ಹಾಗೆ ಮಾಡಿ, "ಸಾಕು ಇವತ್ತಿಗೆ" ಎಂದರು. ಸಾಕು ಅಂದಮೇಲೆ ಸಾಕು. ಇದೇ ರೀತಿ ಐದು ವಾರ ನಡೆಯಿತು.

ವಾರಕ್ಕೊಮ್ಮೆ ಬರುತ್ತಿದ್ದ ಫಿಸಿಯೋ ಹುಡುಗಿ ಒಂದು ಗುರುವಾರ ಕೋನ ಅಳೆಯುವ ಪಟ್ಟಿಯನ್ನು ಟೈಲರಮ್ಮನ ಮೊಣಕಾಲಿಗೆ ಹಿಡಿದಳು. ಎಪ್ಪತ್ತೆಂಟು ಡಿಗ್ರಿ. ಹೋದ ವಾರವೂ ಅಷ್ಟೇ ಇತ್ತು.

"ದಿನಾ ಮಾಡ್ತಿದ್ದೀರಾ?"

"ಮಾಡ್ತಿದ್ದೀವಲ್ಲ" ಎಂದರು ಟೈಲರಮ್ಮ. "ಹೆಚ್ಚಾಗಿ ಇವರೇ ಮಾಡೋದು."

ಹುಡುಗಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಮೇಷ್ಟ್ರನ್ನು ಕೂರಿಸಿ ಅವರ ಕಾಲು ಮಡಿಸಿ ನೋಡಿದಳು. "ಸರ್, ನಿಮ್ಮ ಮೊಣಕಾಲು ಇಪ್ಪತ್ತು ವರ್ಷದವರ ಥರ ಇದೆ" ಎಂದಳು. ಒಂದು ಕ್ಷಣ ಮೇಷ್ಟ್ರು ಉಬ್ಬಿದ್ದೂ ಸುಳ್ಳಲ್ಲ.

ಮುಂದಿನ ಮಾತು ಹೇಳುವಾಗ ಅವಳ ಮುಖದಲ್ಲಿ ನಗು ಇರಲಿಲ್ಲ. ಸೋಮವಾರದೊಳಗೆ ತೊಂಬತ್ತು ಡಿಗ್ರಿಗೆ ಬರದಿದ್ದರೆ ಡಾಕ್ಟರು ಮತ್ತೆ ಅರಿವಳಿಕೆ ಕೊಟ್ಟು ಕಾಲು ಮಡಿಸಬೇಕಾಗುತ್ತದೆ. ಅದೂ ಆಗದಿದ್ದರೆ ಮಿಷನ್ ಮುಂದೆ ಕೂರುವ ಆಸೆ ಬಿಡಬೇಕು.

ಅವಳು ಹೋದ ಮೇಲೆ ಟೈಲರಮ್ಮ ಕತ್ತಿನ ಅಳತೆ ಟೇಪು ತೆಗೆದು ಸುತ್ತಿ ಪಕ್ಕಕ್ಕಿಟ್ಟರು. ಹೋದ ಸಲ ಅರಿವಳಿಕೆ ಕೊಟ್ಟಾಗ ಎರಡು ದಿನ ಅವರಿಗೆ ಮಗಳ ಗುರುತೇ ಹತ್ತಿರಲಿಲ್ಲ. "ಆ ಮಿಷನ್ನು ಯಾರಿಗಾದ್ರೂ ಕೊಟ್ಬಿಡೋಣ ರೀ" ಎಂದರು.

ಮೇಷ್ಟ್ರಿಗೆ ಆಗ ತಮ್ಮ ನಿಜ ಬಣ್ಣ ಕಂಡಿತು. ಎಲ್ಲರೂ ತಮ್ಮನ್ನು ಸಾಧು ಅನ್ನುತ್ತಿದ್ದರು, ತಾವೂ ಒಪ್ಪಿಕೊಂಡಿದ್ದರು. ಸಾಧುವೂ ಅಲ್ಲ, ಮಣ್ಣೂ ಅಲ್ಲ, ಬರೀ ಪುಕ್ಕಲ. ಹೆಂಡತಿಗೆ ನೋವಾದೀತು ಅನ್ನುವುದಕ್ಕಿಂತ, ನೋವಾದರೆ ತಮ್ಮ ಮೇಲೆ ಸಿಡುಕಿಯಾಳು ಎಂಬ ಭಯವೇ ದೊಡ್ಡದಾಗಿತ್ತು. "ತಪ್ಪು ನಂದೇ ಕಣೇ" ಎಂದರು. "ನಿನ್ನ ಬದಲು ನಾನು ಕಾಲು ಮಡಿಸ್ಕೊಂಡು ಕೂತೆ, ದಂಡಪಿಂಡದ ಹಾಗೆ."

ಟೈಲರಮ್ಮ ನಗಲಿಲ್ಲ. "ಎಲ್ಲರಿಗೂ ಹೇಳಿ ಹೇಳಿ ಸಾಕಾಗಿದೆ ರೀ ನನಗೆ. ಈ ನೋವಲ್ಲೂ ನನಗೆ ನಾನೇ ಹೇಳ್ಕೋಬೇಕಾ? ಇದೊಂದು ನೀವು ಹೇಳಿ. ನಾನು ಬಿಡಿ ಅಂದ್ರೂ ಬಿಡಬೇಡಿ."

ಮೇಷ್ಟ್ರು ಕೆಳಗೆ ಮಣೆಯ ಮೇಲೆ ಕೂತು, ಹುಡುಗಿ ತೋರಿಸಿಕೊಟ್ಟ ಹಾಗೆ ಹೆಂಡತಿಯ ಪಾದದ ಮೇಲ್ಗಡೆ ಹಿಡಿದರು. "ಮಡಿಸು" ಎಂದು ಮೆಲ್ಲಗೆ ಒತ್ತಿದರು. ಕಾಲು ಎಂದಿನ ಜಾಗಕ್ಕೆ ಬಂದು ನಿಂತಿತು. "ಇನ್ನೂ ಮಡಿಸು."

"ಬಿಡ್ರೀ."

"ಮೂರು... ನಾಲ್ಕು..."

"ಬಿಡಿ ಅಂದೆ!"

ಇಷ್ಟು ವರ್ಷ ಪಳಗಿದ ಕೈ, ಆ ದನಿ ಕೇಳಿದ್ದೇ ಸಡಿಲವಾಗತೊಡಗಿತು. ಬಿಡಬೇಡಿ ಎಂದವರೂ ಅವರೇ, ಬಿಡಿ ಎಂದವರೂ ಅವರೇ. ಯಾವುದನ್ನು ಪಾಲಿಸಬೇಕು ಎಂದು ಯಾವ ವ್ಯಾಕರಣದ ಪುಸ್ತಕದಲ್ಲೂ ಬರೆದಿರಲಿಲ್ಲ. ಹೇಳಿಸಿಕೊಂಡು ಬದುಕಿದ ಮನುಷ್ಯ ಈಗ ತಾನೇ ಒಂದು ತೀರ್ಮಾನ ಮಾಡಬೇಕಾಗಿತ್ತು.

"ಬಿಡಲ್ಲ" ಎಂದರು. ಹಿಡಿತ ಬಿಗಿ ಮಾಡಿದರು. "ಏಳು... ಎಂಟು... ಮಡಿಸು ನೀನು... ಒಂಬತ್ತು..."

ಕಲ್ಲು ಮನಸ್ಸಿನವರು ಎಂದು ಬೈಸಿಕೊಂಡರು, ಭುಜಕ್ಕೆ ಟವೆಲಿನಿಂದ ಹೊಡೆಸಿಕೊಂಡರು, ಹತ್ತು ಎಣಿಸಿಯೇ ಕೈ ಬಿಟ್ಟರು. ಶುಕ್ರವಾರ, ಶನಿವಾರ, ಭಾನುವಾರವೂ ಇದೇ ಬೈಗುಳ, ಇದೇ ಎಣಿಕೆ. ಟೈಲರಮ್ಮ ಹಲ್ಲು ಕಚ್ಚಿ ಮಡಿಸಿದರು. ಕಣ್ಣಲ್ಲಿ ಒಂದು ಹನಿ ಮಾತ್ರ ಬರಲಿಲ್ಲ.

ಸೋಮವಾರ ಹುಡುಗಿ ಪಟ್ಟಿ ಹಿಡಿದು ಎರಡೆರಡು ಸಲ ನೋಡಿದಳು. "ತೊಂಬತ್ತೊಂದು! ಮತ್ತೆ ಆಸ್ಪತ್ರೆ ಬೇಡ ಮೇಡಮ್, ಡಾಕ್ಟರಿಗೆ ನಾನು ಹೇಳ್ತೀನಿ" ಎಂದು ಬ್ಯಾಗು ಎತ್ತಿಕೊಂಡು ಹೊರಟಳು.

ಬಾಗಿಲು ಮುಚ್ಚಿಕೊಂಡ ಮೇಲೆ ಟೈಲರಮ್ಮನ ತುಟಿ ಅದುರಿತು. ತಕ್ಷಣ ಸೆರಗಿನಿಂದ ಬಾಯಿ ಮುಚ್ಚಿಕೊಂಡು, ಮುಖ ಗಟ್ಟಿ ಮಾಡಿಕೊಳ್ಳಲು ನೋಡಿದರು. ಮೇಷ್ಟ್ರು ಪಕ್ಕದಲ್ಲಿ ಬಂದು ಕೂತರು.

"ಅತ್ತುಬಿಡು" ಎಂದರು.

ಟೈಲರಮ್ಮ ಅತ್ತರು.